ಬಲ್ಬ್ ತಗೊಳ್ಳುವ ಮುಂಚೆ ಡಬ್ಬಿ ಮೇಲಿನ ಈ 3 ನಂಬರ್ ನೋಡಿ

ಅಂಗಡಿಯಲ್ಲಿ ಮೆರೂನ್ ಅಂತ ಮೆಚ್ಚಿ ತಗೊಂಡ ಸೀರೆ, ಮನೆಗೆ ಬಂದು ಬಿಸಿಲಲ್ಲಿ ಬಿಚ್ಚಿದರೆ ಬೇರೆ ಬಣ್ಣ. ಮರುದಿನ ಗಿರಾಕಿ ಅಂಗಡಿ ಮುಂದೆ ಹಾಜರ್. ಬಟ್ಟೆ ಬದಲಾಗಿಲ್ಲ, ಎಷ್ಟೋ ಸಲ ತಪ್ಪು ಇರೋದು ಅಂಗಡಿ ಲೈಟಿನಲ್ಲಿ.

ಬಲ್ಬ್ ಕೊಳ್ಳುವಾಗ ಎಲ್ಲರೂ ಕೇಳೋದು 'ಎಷ್ಟು ವ್ಯಾಟ್?' ಅಂತ. ವ್ಯಾಟ್ ಹೇಳೋದು ಕರೆಂಟ್ ಖರ್ಚನ್ನು ಮಾತ್ರ. ಬೆಳಕಿನ ಲೆಕ್ಕ ಬೇರೆಯೇ ಇದೆ.

1. ಲ್ಯೂಮೆನ್: ಬಲ್ಬ್ ಒಟ್ಟು ಎಷ್ಟು ಬೆಳಕು ಕೊಡುತ್ತೆ ಅನ್ನುವ ಅಳತೆ. ಹಳೇ 60 ವ್ಯಾಟ್ ಬಲ್ಬ್ ಕೊಡುತ್ತಿದ್ದ ಸುಮಾರು 800 ಲ್ಯೂಮೆನ್ ಅನ್ನು ಈಗ 9 ವ್ಯಾಟ್ ಎಲ್‌ಇಡಿ ಕೊಡುತ್ತೆ. ದಿನಕ್ಕೆ 10 ತಾಸು ಉರಿಸಿದರೆ ತಿಂಗಳಿಗೆ ಹಳೇ ಬಲ್ಬಿಗೆ 18 ಯೂನಿಟ್, ಎಲ್‌ಇಡಿಗೆ 3 ಯೂನಿಟ್ ಕೂಡ ಆಗಲ್ಲ.

2. ಕೆಲ್ವಿನ್: ಬೆಳಕಿನ ಬಣ್ಣ. 3000 ಹತ್ತಿರ ಇದ್ದರೆ ಹಳದಿ, 6500 ಇದ್ದರೆ ಬಿಳಿ. ಹಳದಿ ಬೆಳಕು ಚಿನ್ನಕ್ಕೆ ಚೆಂದ, ಬೆಳ್ಳಿಗೆ ಬಿಳಿಯೇ ಒಪ್ಪುತ್ತೆ.

3. ಸಿಆರ್‌ಐ: ವಸ್ತುವಿನ ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನುವ ಅಂಕ. ಪೂರ್ತಿ ಅಂಕ 100. ಸಾಮಾನ್ಯ ಎಲ್‌ಇಡಿಗಳಲ್ಲಿ 80ರ ಆಸುಪಾಸು ಇರುತ್ತೆ. ಇದು ಕಡಿಮೆ ಇದ್ದರೆ ಮುಖ್ಯವಾಗಿ ಕೆಂಪು, ಮೆರೂನ್ ಬಣ್ಣ ಮಂಕಾಗುತ್ತೆ. ಬಟ್ಟೆ ಅಂಗಡಿಯವರು 90 ಮೇಲಿನದ್ದನ್ನೇ ಕೇಳಿ ತಗೊಳ್ಳಿ.

ಎಷ್ಟು ಎತ್ತರದಲ್ಲಿ ಹಾಕಬೇಕು?

ಬಲ್ಬ್‌ನಿಂದ ಹೊರಟ ಬೆಳಕಲ್ಲಿ ಕೆಲಸದ ಜಾಗಕ್ಕೆ ಬಂದು ಬೀಳುವುದೆಷ್ಟು ಅನ್ನುವುದಕ್ಕೆ ಲಕ್ಸ್ ಅಂತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಒಂದು ಲಕ್ಸ್. ದೂರ ಎರಡು ಪಟ್ಟಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತೆ. ಟೈಲರ್ ಮಷಿನ್ ಮೇಲೆ 8 ಅಡಿ ಎತ್ತರದಲ್ಲಿರುವ ಬಲ್ಬನ್ನು 4 ಅಡಿಗೆ ಇಳಿಸಿದರೆ, ಅದೇ ಬಲ್ಬ್, ಅದೇ ಬಿಲ್, ಸೂಜಿ ಮೇಲೆ ಮಾತ್ರ ಸುಮಾರು ನಾಲ್ಕು ಪಟ್ಟು ಬೆಳಕು. ಆದರೆ ಕಣ್ಣಿಗೆ ನೇರ ಹೊಡೆಯದ ಹಾಗೆ ಶೇಡ್ ಹಾಕಲೇಬೇಕು. ಬಲಗೈಯಲ್ಲಿ ಕೆಲಸ ಮಾಡುವವರು ಎಡಗಡೆಯಿಂದ ಲೈಟ್ ಬರುವ ಹಾಗೆ ಇಟ್ಟುಕೊಂಡರೆ ಕೈ ನೆರಳು ಅಡ್ಡ ಬರಲ್ಲ.

ಇನ್ನೊಂದು ಬಲ್ಬ್ ತರುವ ಮುಂಚೆ ಗೋಡೆ ನೋಡಿ. ಬಿಳಿ ಸುಣ್ಣದ ಗೋಡೆ ಬಿದ್ದ ಬೆಳಕಲ್ಲಿ ಹೆಚ್ಚಿನ ಪಾಲನ್ನು ವಾಪಸ್ ಕೊಡುತ್ತೆ, ಗಾಢ ಬಣ್ಣದ ಗೋಡೆ ನುಂಗಿಬಿಡುತ್ತೆ. ಬಲ್ಬ್ ಮೇಲಿನ ಧೂಳೂ ಅಷ್ಟೇ. ಸ್ವಿಚ್ ಆಫ್ ಮಾಡಿ, ಬಲ್ಬ್ ಆರಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದರೆ ಕಾಸಿಲ್ಲದೆ ಬೆಳಕು ಹೆಚ್ಚುತ್ತೆ.

ಅಲ್ಲಿತನಕ ಸೀರೆ ಕೊಳ್ಳುವವರು ಒಮ್ಮೆ ಬಾಗಿಲ ಹತ್ತಿರ, ಹಗಲು ಬೆಳಕಲ್ಲಿ ನೋಡಿಯೇ ದುಡ್ಡು ಕೊಡುವುದು ಒಳ್ಳೇದು.