ಡಿವಿಆರ್‌ಗೆ ಹೊರಗಿನ ಡಿಸ್ಕ್ ಹಚ್ಚಿದರೆ ಸಾಕೇ?

ಮಹಾರಾಷ್ಟ್ರದ ಜತ್ತ ತಾಲೂಕಿನ ಗುಡ್ಡಾಪುರದಲ್ಲಿ ದಾನಮ್ಮದೇವಿಯ ಜಾತ್ರೆ ಬಂತೆಂದರೆ ಕರ್ನಾಟಕದ ಗಡಿ ಜಿಲ್ಲೆಗಳಿಂದ ಭಕ್ತರು ನಡೆದೇ ಬರುತ್ತಾರೆ. ಅಷ್ಟು ಗದ್ದಲದಲ್ಲಿ ವ್ಯಾಪಾರ ಮಾಡುವವರಿಗೆ ಅಂಗಡಿಯ ಮೂಲೆಯಲ್ಲೊಂದು ಸಿಸಿಟಿವಿ ಕ್ಯಾಮೆರಾ ಇದ್ದರೆ ಧೈರ್ಯ. ಆದರೆ ಕಳವಿನ ತಕರಾರು ಎಂಟು ದಿನ ಬಿಟ್ಟು ಬಂತೆನ್ನಿ. ಅಷ್ಟರಲ್ಲಿ ಕ್ಯಾಮೆರಾ ಕಂಡದ್ದನ್ನು ಹಿಡಿದಿಡುವ ಪೆಟ್ಟಿಗೆ, ಅಂದರೆ ಡಿವಿಆರ್, ಜಾತ್ರೆಯ ದಿನದ ಚಿತ್ರಣವನ್ನು ಅಳಿಸಿ ಅದೇ ಜಾಗದಲ್ಲಿ ಹೊಸದನ್ನು ತುಂಬಿರಬಹುದು. ಡಿಸ್ಕ್ ತುಂಬಿದೊಡನೆ ಹಳೆಯದನ್ನು ಅಳಿಸುತ್ತ ಹೋಗುವುದು ಅದರ ಕ್ರಮ.

ಲೆಕ್ಕ ಸರಳ. 2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಕಳಿಸಿದರೆ ದಿನಕ್ಕೆ ಸುಮಾರು 43 ಜಿಬಿ ಆಗುತ್ತದೆ. ನಾಲ್ಕು ಕ್ಯಾಮೆರಾಗಳಿಗೆ 173 ಜಿಬಿ. 1 ಟಿಬಿ ಡಿಸ್ಕ್ ಆರು ದಿನವೂ ಬಾಳುವುದಿಲ್ಲ.

ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಪೆಟ್ಟಿಗೆಯ ಯುಎಸ್‌ಬಿ ಕಿಂಡಿಗೆ ಹೊರಗಿನ ಹಾರ್ಡ್ ಡಿಸ್ಕ್ ಹಚ್ಚುವುದು. ಕಂಪ್ಯೂಟರಿನಲ್ಲಿ ಇದು ನಡೆಯುತ್ತದೆ. ಸಿಸಿಟಿವಿಯ ಬಹುಪಾಲು ಡಿವಿಆರ್‌ಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಆ ಕಿಂಡಿ ಇರುವುದು ಮೌಸ್ ಹಚ್ಚಲಿಕ್ಕೆ, ಬೇಕಾದ ತುಣುಕನ್ನು ಪೆನ್ ಡ್ರೈವಿಗೆ ಇಳಿಸಿಕೊಳ್ಳಲಿಕ್ಕೆ. ಹಗಲುರಾತ್ರಿಯ ರೆಕಾರ್ಡಿಂಗ್ ಹೋಗುವುದು ಒಳಗೆ ಸಾಟಾ ತಂತಿಗೆ ಸೇರಿಸಿದ ಡಿಸ್ಕಿಗೆ ಮಾತ್ರ. ಕೆಲವು ದೊಡ್ಡ ಮಾದರಿಗಳ ಹಿಂಬದಿಯಲ್ಲಿ ಇ-ಸಾಟಾ ಎಂಬ ಬೇರೆ ಕಿಂಡಿ ಇರುತ್ತದೆ. ಹೊರಗಿನ ಡಿಸ್ಕನ್ನು ನಿಜವಾಗಿ ರೆಕಾರ್ಡಿಂಗಿಗೆ ಬಳಸುವುದಾದರೆ ಅದೇ ದಾರಿ.

ಟಿವಿ ಕಾರ್ಯಕ್ರಮ ಹಿಡಿದಿಡುವ ಪೆಟ್ಟಿಗೆಗಳ ಕತೆ ಬೇರೆ. 1999ರಲ್ಲಿ ಅಮೆರಿಕದಲ್ಲಿ ಬಂದ ಟಿವೊ ಈ ಬಗೆಯ ಯಂತ್ರವನ್ನು ಮನೆಮಾತು ಮಾಡಿತು. ಅದರ ಕೆಲವು ಮಾದರಿಗಳಿಗೆ ಇ-ಸಾಟಾ ಡಿಸ್ಕ್ ಹಚ್ಚಬಹುದಿತ್ತು. ಆದರೆ ಪೆಟ್ಟಿಗೆ ಒಳಗಿನ ಮತ್ತು ಹೊರಗಿನ ಡಿಸ್ಕನ್ನು ಒಂದೇ ಎಂದು ಬಗೆದು ಒಂದೇ ಸಿನಿಮಾವನ್ನು ಎರಡಕ್ಕೂ ಹಂಚಿ ಬರೆಯುತ್ತಿತ್ತು. ಹೊರಗಿನದನ್ನು ಕಿತ್ತರೆ ಸಿನಿಮಾ ಹೋಯಿತು. ನಮ್ಮ ಡಿಟಿಎಚ್ ಪೆಟ್ಟಿಗೆಗಳಲ್ಲೂ ಯುಎಸ್‌ಬಿ ಡಿಸ್ಕಿಗೆ ಇಳಿಸುವ ಅನುಕೂಲ ಬಂತು. ಹೀಗೆ ಇಳಿಸಿದ್ದು ಹೆಚ್ಚಾಗಿ ಅದೇ ಪೆಟ್ಟಿಗೆಯಲ್ಲಷ್ಟೇ ತೆರೆಯುತ್ತದೆ, ಬೀಗರ ಮನೆಗೆ ಒಯ್ದರೆ ಓಡುವುದಿಲ್ಲ.

ಎರಡು ಬಗೆಯ ಪೆಟ್ಟಿಗೆಗಳಿಗೂ ಸಲ್ಲುವ ಎಚ್ಚರಿಕೆ ಒಂದಿದೆ. ಹೊಸ ಡಿಸ್ಕ್ ಕಂಡೊಡನೆ ಪರದೆಯ ಮೇಲೆ ‘ಫಾರ್ಮ್ಯಾಟ್ ಮಾಡಲೇ?’ ಎಂಬ ಪ್ರಶ್ನೆ ಬರುತ್ತದೆ. ಹೂಂ ಎಂದರೆ ಅದರಲ್ಲಿದ್ದ ಮದುವೆಯ ಫೋಟೊಗಳೆಲ್ಲ ಹೋದವೆಂದೇ ಲೆಕ್ಕ.

ಕರೆಂಟಿನ ಮಾತು ಬಂದಾಗ ಡಿಸ್ಕ್ ಮಾರುವ ಅಂಗಡಿಯವರು ಅರ್ಧ ಹೇಳಿ ಬಿಡುತ್ತಾರೆ. ಯುಎಸ್‌ಬಿ 2.0 ಕಿಂಡಿ ನಿಯಮದ ಪ್ರಕಾರ ಕೊಡುವುದು 5 ವೋಲ್ಟ್, 500 ಮಿಲಿಆಂಪ್ ಮಾತ್ರ. ತಿರುಗಲು ಶುರುವಾಗುವ ಗಳಿಗೆಯಲ್ಲಿ ಡಿಸ್ಕಿಗೆ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಸಾಲದಿದ್ದರೆ ಟಿಕ್ ಟಿಕ್ ಎಂದು ನಿಲ್ಲುತ್ತದೆ, ಮತ್ತೆ ತಿರುಗುತ್ತದೆ, ಮತ್ತೆ ನಿಲ್ಲುತ್ತದೆ. 3.5 ಇಂಚಿನ ಡಿಸ್ಕಿಗಂತೂ 12 ವೋಲ್ಟೂ ಬೇಕು. ಅದಕ್ಕೇ ಅದರ ಜೊತೆ ಬೇರೆ ಅಡಾಪ್ಟರ್ ಬರುತ್ತದೆ. ಹೋಗಿ ಬಂದು ಮಾಡುವ ಹಳ್ಳಿಯ ಕರೆಂಟು ಇನ್ನೊಂದು ಕಾಟ. ಬರೆಯುವಾಗಲೇ ವಿದ್ಯುತ್ ಕಡಿದರೆ ಕಡತ ಕೆಡಬಹುದು, ಡಿಸ್ಕಿನ ಆಯುಷ್ಯವೂ ತಗ್ಗುತ್ತದೆ. ದೊಡ್ಡ ಡಿಸ್ಕಿಗೆ ದುಡ್ಡು ಹಾಕುವ ಮೊದಲು ಚಿಕ್ಕದೊಂದು ಯುಪಿಎಸ್ ತರುವುದು ಜಾಣತನ.

ಹಾಗಾದರೆ ದಿನ ಹೆಚ್ಚಿಸುವುದು ಹೇಗೆ? ಖರ್ಚಿಲ್ಲದ ದಾರಿ ಮೆನುವಿನಲ್ಲೇ ಇದೆ. ಡಿವಿಆರ್‌ನಲ್ಲಿ ವಿಡಿಯೊ ಕುಗ್ಗಿಸುವ ಎಚ್.265 ವಿಧಾನ ಇದ್ದರೆ ಎಚ್.264 ಬಿಟ್ಟು ಅದಕ್ಕೆ ಬದಲಿಸಿದರೆ ಹೆಚ್ಚುಕಡಿಮೆ ಅರ್ಧ ಜಾಗ ಉಳಿಯುತ್ತದೆ. ಆಳು ಓಡಾಡದ ಗೋದಾಮಿಗೆ ಚಲನೆ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ವ್ಯವಸ್ಥೆ ಸಾಕು. ಅಷ್ಟಾದರೂ ಸಾಲದಿದ್ದರೆ ಒಳಗಿನ ಡಿಸ್ಕನ್ನೇ ಬದಲಿಸಬೇಕು. ದಿನದ 24 ಗಂಟೆ ಬರೆಯಲೆಂದೇ ಮಾಡಿದ ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್‌ನಂಥವನ್ನು ಕೊಳ್ಳಬೇಕು. ಎಷ್ಟು ಟಿಬಿವರೆಗೆ ನಡೆಯುತ್ತದೆಂಬುದು ಕೈಪಿಡಿಯಲ್ಲಿರುತ್ತದೆ. ಕೆಲವು ಹಳೆಯ ಪೆಟ್ಟಿಗೆಗಳು 2 ಟಿಬಿಯಾಚೆ ಗುರುತಿಸುವುದಿಲ್ಲ.

ಇನ್ನು ಎಷ್ಟು ದಿನದ ದಾಖಲೆ ಉಳಿಸಬೇಕೆಂಬ ಪ್ರಶ್ನೆ. ಪೊಲೀಸ್ ಠಾಣೆಗಳ ಸಿಸಿಟಿವಿ ದಾಖಲೆ 18 ತಿಂಗಳು ಉಳಿಯಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 2ರಂದು ಹೇಳಿತು. ಮೇಲಿನ ಲೆಕ್ಕವನ್ನು ಎಚ್.265ಕ್ಕೆ ಇಳಿಸಿದರೂ ನಾಲ್ಕೇ ಕ್ಯಾಮೆರಾಗಳಿಗೆ ಸುಮಾರು 47 ಟಿಬಿ ಬೇಕು! ಕಿರಾಣಿ ಅಂಗಡಿಗೆ ಅಷ್ಟರ ಗೊಡವೆ ಬೇಡ. ಏನಾದರೂ ನಡೆಯಿತೆಂದು ಗೊತ್ತಾದ ದಿನವೇ ಆ ಗಂಟೆಯ ತುಣುಕನ್ನು ಪೆನ್ ಡ್ರೈವಿಗೆ ಇಳಿಸಿಡಿ, ಮೂಲ ಡಿಸ್ಕನ್ನೂ ಅಳಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಇಂಥ ತುಣುಕು ಕೋರ್ಟಿಗೆ ಹೋಗುವಾಗ ಜೊತೆಗೊಂದು ಪ್ರಮಾಣಪತ್ರವೂ ಬೇಕಾಗುತ್ತದೆ.