ಒಂದು ಕೆಟ್ಟ ಪ್ಯಾನೆಲು, ನಾಲ್ಕು ವಿದ್ಯೆಗಳು

ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ದೋಣಿಮಲೈಯ ಗಣಿಯನ್ನು ಕಾರ್ಯಾರಂಭಗೊಳಿಸಿದಂದಿನಿಂದ, ಸಂಡೂರಿನ ಗುಡ್ಡಗಳ ಕಬ್ಬಿಣದ ಅದಿರು ಡಂಪರುಗಳನ್ನೇರಿ, ಕ್ರಷರಿನಲ್ಲಿ ಒಡೆದು, ಕನ್ವೇಯರ್ ಬೆಲ್ಟಿನ ಮೇಲೆ ಇಳಿಜಾರಿಗೆ ಸಾಗಿ, ಜರಡಿಗಳನ್ನು ದಾಟಿ ರೈಲಿನ ವ್ಯಾಗನುಗಳನ್ನು ಸೇರುತ್ತ ಬಂದಿದೆ. ಈ ಯಾತ್ರೆಯ ಟನ್ನುಗಳ ಲೆಕ್ಕವನ್ನು ಬರೆದವರು ಹಲವರು. ಇಂತಹ ಗಣಿಗಳಲ್ಲಿ ನಡುರಾತ್ರಿ ಬೆಲ್ಟು ನಿಂತೊಡನೆ ಮಲ್ಟಿಮೀಟರನ್ನು ಹಿಡಿದು ಪ್ಯಾನೆಲ್ ಕೋಣೆಗೆ ಧಾವಿಸುವ ತಂತ್ರಜ್ಞನ ವಿದ್ಯೆ ಎಂತಹದು, ಅದು ಯಾವ ಕ್ರಮದಲ್ಲಿ ಬೆಳೆಯುತ್ತದೆ ಎಂಬುದನ್ನು ವಿಚಾರಿಸಿದವರು ವಿರಳ.

ಆತನು ಸಾಮಾನ್ಯವಾಗಿ ಐ.ಟಿ.ಐ.ಯಲ್ಲಿ ಒಂದೇ ಕಸಬನ್ನು ಕಲಿತು ಬಂದಿರುತ್ತಾನೆ. 1950ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಕುಶಲಕರ್ಮಿ ತರಬೇತಿ ಯೋಜನೆಯಲ್ಲಿ ಇಂದು ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕನ ಪಾಠ ಬೇರೆ, ಶೈತ್ಯೀಕರಣ ಮತ್ತು ಹವಾನಿಯಂತ್ರಣದವನ ಪಾಠ ಬೇರೆ, ಕಂಪ್ಯೂಟರಿನವನ ಪಾಠ ಬೇರೆ. ಪಠ್ಯಕ್ರಮದ ಅನುಕೂಲಕ್ಕೆ ಈ ವಿಂಗಡಣೆ ಯುಕ್ತವೇ ಅಹುದು. ಕೆಡುವ ಯಂತ್ರವಾದರೋ ಈ ಗೋಡೆಗಳನ್ನು ಅರಿಯದು.

ಬೆಲ್ಟಿನ ಮೋಟಾರಿನ ವೇಗವನ್ನು ಆಳುವ ವಿದ್ಯುನ್ಮಾನ ಸಾಧನ, ಅಂದರೆ ಡ್ರೈವ್, ತನ್ನ ಮೂಲಕ ಹರಿಯುವ ವಿದ್ಯುತ್ತಿನ ಅಲ್ಪಾಂಶವನ್ನು ಶಾಖವಾಗಿ ಹೊರಸೂಸುತ್ತದೆ. ಈ ಶಾಖವು ಹೊರಹೋಗದಿದ್ದರೆ ಒಳಗಿನ ಬಿಡಿಭಾಗಗಳು ಅಕಾಲದಲ್ಲಿ ವೃದ್ಧಾಪ್ಯವನ್ನು ಹೊಂದುತ್ತವೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಸ್ಸು ಉಷ್ಣತೆಯ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು ಅರ್ಧಕ್ಕೆ ಇಳಿಯುವುದೆಂಬುದು ಈ ವೃತ್ತಿಯವರೆಲ್ಲರೂ ಬಲ್ಲ ಲೆಕ್ಕ. ಆದುದರಿಂದಲೇ ಡ್ರೈವ್ ಇರುವ ಪ್ಯಾನೆಲ್ ಕೋಣೆಗೆ ಎ.ಸಿ. ಬೇಕು. ಸುಖಸಾಧನವೆಂದು ನಾವು ಭಾವಿಸಿರುವ ಈ ಯಂತ್ರವನ್ನು 1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ಅಮೆರಿಕದ ಎಂಜಿನಿಯರು ರೂಪಿಸಿದ್ದು ಮನುಷ್ಯರಿಗಾಗಿ ಅಲ್ಲ, ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದವು ಹಿಗ್ಗಿ ಕುಗ್ಗಿ ಬಣ್ಣಗಳು ಸರಿಯುತ್ತಿದ್ದುದನ್ನು ತಡೆಯಲಿಕ್ಕಾಗಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಒಂದು ಟನ್ನಿನ ಎ.ಸಿ. ಎಂದರೆ ಸುಮಾರು 3.5 ಕಿಲೋವ್ಯಾಟಿನಷ್ಟು ಶಾಖವನ್ನು ಕೋಣೆಯಿಂದ ಹೊರಗೆ ಸಾಗಿಸಬಲ್ಲ ಯಂತ್ರ. ಈ ಸಾಮರ್ಥ್ಯವನ್ನು ಹೊರಗಿನ ಗಾಳಿಯು 35 ಡಿಗ್ರಿ ಇರುವಾಗ ಅಳೆಯುವುದು ವಾಡಿಕೆ. ಬಳ್ಳಾರಿ ಸೀಮೆಯ ವೈಶಾಖದ ಬಿಸಿಲು 40ನ್ನು ಮೀರಿದಾಗ ಅದು ತಾನಾಗಿ ಕುಂದುತ್ತದೆ. ಅದರ ಮೇಲೆ ಅದಿರಿನ ಕೆಂಪು ಧೂಳು! ಹೊರಗಿನ ಕಂಡೆನ್ಸರಿನ ತೆಳು ತಗಡುಗಳ ನಡುವೆ ಧೂಳು ಕೂತೊಡನೆ ಗ್ಯಾಸಿನ ಒತ್ತಡವು ಏರುತ್ತದೆ, ತನ್ನ ರಕ್ಷಣೆಗಾಗಿ ಕಂಪ್ರೆಸರು ನಿಂತುಹೋಗುತ್ತದೆ, ಕೋಣೆ ಕಾಯುತ್ತದೆ, ಡ್ರೈವ್ ಟ್ರಿಪ್ ಆಗುತ್ತದೆ, ಬೆಲ್ಟು ನಿಲ್ಲುತ್ತದೆ. ಎಲೆಕ್ಟ್ರಾನಿಕ್ಸ್ ಒಂದನ್ನೇ ಬಲ್ಲವನು ಬಂದು ಡ್ರೈವಿಗೆ ಹೊಸ ಕಾರ್ಡನ್ನು ಹಾಕುತ್ತಾನೆ. ಅಷ್ಟರಲ್ಲಿ ಪ್ಯಾನೆಲು ತಣ್ಣಗಾಗಿರುವುದರಿಂದ ಬೆಲ್ಟು ಓಡುತ್ತದೆ, ಕಾರ್ಡೇ ಕೆಟ್ಟಿತ್ತೆಂದು ಪುಸ್ತಕದಲ್ಲಿ ದಾಖಲೂ ಆಗುತ್ತದೆ. ಕೆಲವು ಗಂಟೆಗಳ ತರುವಾಯ ಮತ್ತದೇ ಟ್ರಿಪ್.

ಇಂತಹ ಅನುಭವವೇ ಆತನನ್ನು ಕಂಡೆನ್ಸರಿನ ಬಳಿಗೂ ಗ್ಯಾಸಿನ ಗೇಜಿನ ಬಳಿಗೂ ಎಳೆದೊಯ್ಯುತ್ತದೆ. ಗಣಕವಿದ್ಯೆಯೂ ಹೀಗೆಯೇ ಹೆಗಲೇರುವುದು. 1960ರ ದಶಕದ ಕೊನೆಯಲ್ಲಿ ಅಮೆರಿಕದ ಮೋಟಾರು ಕಾರ್ಖಾನೆಗಳಿಗಾಗಿ ಹುಟ್ಟಿದ ಪಿ.ಎಲ್.ಸಿ. ಎಂಬ ಪುಟ್ಟ ಗಣಕವು ರಿಲೇಗಳ ಸಾಲುಸಾಲು ಹಲಗೆಗಳ ಸ್ಥಾನವನ್ನು ಆಕ್ರಮಿಸಿದ ಮೇಲೆ, ಕಣ್ಣಿಗೆ ಕಾಣುತ್ತಿದ್ದ ತಂತಿಯ ತರ್ಕವು ಪರದೆಯ ಮೇಲಿನ ಏಣಿಚಿತ್ರವಾಯಿತು. ಉಷ್ಣತೆ, ವಿದ್ಯುತ್ಪ್ರವಾಹಗಳ ಏರಿಳಿತವು ಗಂಟೆಗಂಟೆಗೆ ದಾಖಲಾಗತೊಡಗಿತು. ಆ ರೇಖೆಗಳನ್ನು ಯಾರು ಬೇಕಾದರೂ ನೋಡಬಹುದು. ಕೋಣೆಯ ಉಷ್ಣತೆಯು ಮೊದಲು ಏರಿ ಟ್ರಿಪ್ ಆನಂತರ ಆಯಿತೆಂಬುದನ್ನು ಅಲ್ಲಿ ಗುರುತಿಸುವವನು ಮಾತ್ರ ಶಾಖದ ಗತಿಯನ್ನೂ ಪ್ಯಾನೆಲಿನ ಒಡಲನ್ನೂ ಬಲ್ಲವನಾಗಿರಬೇಕು.

ಹೀಗೆ ಮೂರು ಕಸಬುಗಳು ಒಬ್ಬನಲ್ಲಿ ಕೂಡಿದಾಗ ನಾಲ್ಕನೆಯದು, ಅಂದರೆ ಬೋಧನೆ, ಸಹಜವಾಗಿ ಒದಗುತ್ತದೆ. 1966ರ ಗಣಿ ವೃತ್ತಿತರಬೇತಿ ನಿಯಮಗಳ ಮೇರೆಗೆ ಗಣಿಗೆ ಹೊಸದಾಗಿ ಸೇರುವವರಿಗೆ ತರಬೇತಿ ಕಡ್ಡಾಯ; ಅನುಭವಿಗಳ ಮಾತಿಗೆ ಅಲ್ಲಿ ವಿಶೇಷ ಬೆಲೆಯುಂಟು. ಕನ್ನಡ, ತೆಲುಗು, ಉರ್ದು ಮನೆಮಾತಿನ ಹುಡುಗರು ಇಂಗ್ಲಿಷಿನ ಕೈಪಿಡಿಯ ಮುಂದೆ ತಡವರಿಸುವಾಗ, "ಕಾರ್ಡು ಬಿಚ್ಚೋಕಿಂತ ಮೊದಲು ಎ.ಸಿ. ಫಿಲ್ಟರ್ ನೋಡಿದ್ಯೇನಪ್ಪಾ?" ಎಂಬಂತಹ ಒಂದು ಪ್ರಶ್ನೆಯು ಮಾಡುವ ಉಪಕಾರವನ್ನು ದೊಡ್ಡ ವ್ಯಾಖ್ಯಾನವೂ ಮಾಡಲಾರದೆಂದು ನನ್ನ ದೃಢವಾದ ನಂಬಿಕೆ.

ಆದರೆ ಇಂತಹವರ ವಿದ್ಯೆಯು ಬಹುಮಟ್ಟಿಗೆ ಅವರ ನಿವೃತ್ತಿಯೊಡನೆಯೇ ಮನೆಗೆ ತೆರಳುತ್ತದೆ. ಕಸಬಿಗೊಂದು ಪ್ರಮಾಣಪತ್ರವನ್ನು ಕೇಳುವ ವ್ಯವಸ್ಥೆಯಲ್ಲಿ, ಕಸಬುಗಳ ಸಂಧಿಯಲ್ಲಿ ನಿಂತು ಕಲಿತವನಿಗೆ ಪೀಠವಿಲ್ಲ. ಸಂಡೂರು, ಹೊಸಪೇಟೆಗಳ ತರಬೇತಿ ಸಂಸ್ಥೆಗಳು ವಾರಕ್ಕೆ ಒಂದು ದಿನವಾದರೂ ಮೂರು ಕಸಬಿನ ವಿದ್ಯಾರ್ಥಿಗಳನ್ನು ಒಂದೇ ಕೆಟ್ಟ ಪ್ಯಾನೆಲಿನ ಮುಂದೆ ಕೂಡಿಸಿ, ದೋಷವನ್ನು ಒಟ್ಟಾಗಿ ಹುಡುಕಲು ಬಿಟ್ಟು, ಗಣಿಯಲ್ಲಿ ದುಡಿದು ಬಂದ ಹಿರಿಯನೊಬ್ಬನನ್ನು ಗೌರವಧನವಿತ್ತು ಅವರ ಪಕ್ಕದಲ್ಲಿ ನಿಲ್ಲಿಸಬೇಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಹೊಸ ಪಠ್ಯಪುಸ್ತಕವೂ ಬೇಡ.