ಚರ್ಚ್‌ಗಳ ಲೆಕ್ಕ ಕೇಳಿದ ಸರ್ಕಾರ, ಮರುಪ್ರಶ್ನೆ ಹಾಕಿದ ಕ್ರೈಸ್ತರು

ಕಾಸರಗೋಡು: ಬೇಳ, ಕಯ್ಯಾರು, ಮಂಜೇಶ್ವರದ ಇಗರ್ಜಿಗಳು ಇರುವುದು ಕೇರಳದಲ್ಲಿ, ಅವುಗಳ ಬಿಷಪ್ ಇರುವುದು ಮಂಗಳೂರಿನಲ್ಲಿ. ಮದುವೆ, ಜ್ಞಾನಸ್ನಾನ, ಹಬ್ಬ ಅಂತ ತಲಪಾಡಿ ದಾಟಿ ಹೋಗಿ ಬರುವುದು ಇಲ್ಲಿನ ಕ್ರೈಸ್ತ ಕುಟುಂಬಗಳಿಗೆ ಹೊಸದಲ್ಲ. ಹಾಗಾಗಿ 2021ರಲ್ಲಿ ಕರ್ನಾಟಕದಲ್ಲಿ ಚರ್ಚ್‌ಗಳ ಸಮೀಕ್ಷೆಯ ಮಾತು ಎದ್ದಾಗ ಅದು ಗಡಿಯಾಚೆಯವರ ಪಾಲಿಗೂ ಬರೀ ಪಕ್ಕದ ರಾಜ್ಯದ ಸುದ್ದಿಯಾಗಿರಲಿಲ್ಲ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸದುರ್ಗದ ಅಂದಿನ ಶಾಸಕ ಗೂಳಿಹಟ್ಟಿ ಶೇಖರ್, ತಮ್ಮ ತಾಯಿಯೇ ಮತಾಂತರಗೊಂಡಿದ್ದಾರೆ ಎಂದು ವಿಧಾನಸಭೆಯಲ್ಲಿ ಹೇಳಿದ್ದರು. ಅಕ್ಟೋಬರ್‌ನಲ್ಲಿ ವಿಧಾನಮಂಡಲದ ಹಿಂದುಳಿದ ವರ್ಗಗಳ ಮತ್ತು ಅಲ್ಪಸಂಖ್ಯಾತರ ಕಲ್ಯಾಣ ಸಮಿತಿಯು ಅಧಿಕೃತ, ಅನಧಿಕೃತ ಚರ್ಚ್‌ಗಳ ಸಮೀಕ್ಷೆ ನಡೆಸುವಂತೆ ಅಧಿಕಾರಿಗಳಿಗೆ ಸೂಚಿಸಿತು.

ನಮಗೆ ಮಾತ್ರ ಯಾಕೆ?

ಬೆಂಗಳೂರಿನ ಆರ್ಚ್‌ಬಿಷಪ್ ಪೀಟರ್ ಮಚಾದೊ ಕೂಡಲೇ ಆಕ್ಷೇಪ ಎತ್ತಿದರು. ಧರ್ಮಗುರುಗಳ, ಪ್ರಾರ್ಥನಾ ಸ್ಥಳಗಳ ಲೆಕ್ಕ ಬೇಕಿದ್ದರೆ ಒಂದೇ ಸಮುದಾಯದ್ದು ಯಾಕೆ ಎಂಬುದು ಅವರ ಪ್ರಶ್ನೆ. ಕ್ರೈಸ್ತರು ನಡೆಸುವ ಶಾಲೆ, ಆಸ್ಪತ್ರೆಗಳನ್ನೂ ಎಣಿಸಲಿ ಎಂದರು. ಜನಗಣತಿಯನ್ನೂ ಮುಂದಿಟ್ಟರು: 2001ರಲ್ಲಿ ರಾಜ್ಯದ ಜನಸಂಖ್ಯೆಯಲ್ಲಿ ಶೇ 1.91ರಷ್ಟಿದ್ದ ಕ್ರೈಸ್ತರು 2011ಕ್ಕೆ ಶೇ 1.87ಕ್ಕೆ ಇಳಿದಿದ್ದರು. ಮತಾಂತರ ಅಷ್ಟೊಂದು ಜೋರಾಗಿದ್ದರೆ ಪಾಲು ಏರಬೇಕಿತ್ತಲ್ಲ!

ಅವರ ಆತಂಕ ಬೇರೆಯೇ ಇತ್ತು. ಪಟ್ಟಿಯಿಂದ ಪ್ರಾರ್ಥನಾ ಸ್ಥಳಗಳೂ ಪಾಸ್ಟರುಗಳೂ ದಾಳಿಗೆ ಗುರಿಯಾಗಬಹುದು ಎಂಬ ಭಯ ಅದು. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಯನ್ನು ಕಂಡ ಕರಾವಳಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡ ಇಗರ್ಜಿಗೆ ಜಾಗದ ಪತ್ರ ಇರುತ್ತದೆ, ಗೇಟು ಇರುತ್ತದೆ, ಕೇಳಲು ಬಿಷಪ್ ಇರುತ್ತಾರೆ. ಬಾಡಿಗೆ ಕೋಣೆಯಲ್ಲೋ ಮನೆಯ ಜಗಲಿಯಲ್ಲೋ ಹತ್ತಾರು ಜನ ಸೇರಿ ಪ್ರಾರ್ಥಿಸುವ ಚಿಕ್ಕ ಸಭೆಗೆ ಇದ್ಯಾವುದೂ ಇಲ್ಲ. ‘ಅನಧಿಕೃತ’ ಎಂಬ ಮಾತು ಮೊದಲು ತಾಗುವುದು ಇಂಥವರಿಗೇ. ಪ್ರಾರ್ಥಿಸುವ ಹಕ್ಕನ್ನು ಸಂವಿಧಾನದ 25ನೇ ವಿಧಿ ಕೊಟ್ಟಿರುವುದು ಕಟ್ಟಡಕ್ಕಲ್ಲ, ಮನುಷ್ಯನಿಗೆ.

ಸಮೀಕ್ಷೆ ಹೇಳಿದ್ದೇನು?

ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಸಮೀಕ್ಷೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಇತ್ತ ಹೊಸದುರ್ಗ ತಾಲ್ಲೂಕಿನಲ್ಲೇ ವಿಚಾರಣೆ ನಡೆಸಿದ ತಹಶೀಲ್ದಾರರು, ಬಲವಂತದ ಮತಾಂತರ ಕಂಡುಬಂದಿಲ್ಲ ಎಂದು ವರದಿ ಕೊಟ್ಟರು. 2021ರ ಡಿಸೆಂಬರ್‌ನಲ್ಲಿ ಅವರ ವರ್ಗಾವಣೆಯೂ ಆಯಿತು.

ಅದೇ ಡಿಸೆಂಬರ್ 23ರಂದು ಬೆಳಗಾವಿ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ನೀಡಿತು. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರ್‌ನಲ್ಲಿ ಕಾಯ್ದೆ ಬಂತು. ಸರ್ಕಾರ ಬದಲಾದ ಮೇಲೆ, 2023ರ ಜೂನ್ 15ರಂದು ಅದನ್ನು ರದ್ದುಪಡಿಸಲು ಸಚಿವ ಸಂಪುಟ ತೀರ್ಮಾನಿಸಿತು.

ಕ್ರೈಸ್ತರು ಲೆಕ್ಕ ಕೊಡಲು ಒಲ್ಲೆ ಅಂದವರಲ್ಲ. ಜನಗಣತಿಗೆ ಬಾಗಿಲು ತೆರೆದು ಹೆಸರು ಬರೆಸಿದವರೇ. ಆದರೆ ಎಲ್ಲರ ಮನೆಗೂ ಬಂದು ಹೆಸರು ಬರೆದುಕೊಳ್ಳುವುದು ಗಣತಿ. ಒಬ್ಬರ ಮನೆಗೆ ಮಾತ್ರ ಬಂದರೆ ಅದು ಅನುಮಾನ. ಗಡಿಯ ಈಚೆ ಭಾಷೆಯಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ಕನ್ನಡಿಗರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗುತ್ತದೆ.